ತೊಂಬತ್ತು ಸಾವಿರದ ಅಂತರ



2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ಕಂಪನಿಯ ಗ್ಯಾಲಕ್ಸಿ ಎಸ್24 ಅಲ್ಟ್ರಾ ಎಂಬ ಫೋನು ನಮ್ಮ ದೇಶದ ಅಂಗಡಿಗಳಿಗೆ ಬಂತು. ಆರಂಭದ ಬೆಲೆ 1,29,999 ರೂಪಾಯಿ. ಎರಡು ತಿಂಗಳ ನಂತರ, ಮಾರ್ಚ್‌ನಲ್ಲಿ, ಅದೇ ಕಂಪನಿಯ ಗ್ಯಾಲಕ್ಸಿ ಎ55 ಬಂತು. ಅದರ ಆರಂಭದ ಬೆಲೆ 39,999. ಕಂಪನಿ ಒಂದೇ, ವರ್ಷ ಒಂದೇ. ನಡುವಿನ ಅಂತರ ಸರಿಯಾಗಿ ತೊಂಬತ್ತು ಸಾವಿರ. ಆಮೇಲೆ ಎರಡಕ್ಕೂ ಹೊಸ ತಲೆಮಾರು ಬಂದಿದೆ, ನಿಜ. ಆದರೂ ಇವತ್ತಿನ ಮಾತಿಗೆ ಈ ಹಳೆಯ ಜೋಡಿಯನ್ನೇ ತೆಗೆದುಕೊಂಡಿದ್ದೇನೆ. ಇವೆರಡನ್ನೂ ಜನ ಕೈಯಲ್ಲಿ ಹಿಡಿದು ಬಳಸಿ ನೋಡಿ ಆಗಿದೆ. ಜಾಹೀರಾತಿನ ಕಾವು ಆರಿದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ. ಬ್ಯಾಟರಿ ಎರಡರಲ್ಲೂ 5,000 ಮಿಲಿಆಂಪ್ ಅವರ್. ಪರದೆ ಎರಡರಲ್ಲೂ ಅಮೊಲೆಡ್, ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವಂಥದ್ದು. ಎರಡೂ 5ಜಿ. ಎರಡರ ಮುಖ್ಯ ಕ್ಯಾಮೆರಾದಲ್ಲೂ ಕೈ ನಡುಕವನ್ನು ಸರಿದೂಗಿಸುವ ಓಐಎಸ್ ವ್ಯವಸ್ಥೆ ಇದೆ. ದುಬಾರಿ ಫೋನಿಗೆ ಐಪಿ68, ಅಗ್ಗದ್ದಕ್ಕೆ ಐಪಿ67. ಈ 67ರ ಅರ್ಥ, ದೂಳು ಒಳಗೆ ಹೋಗುವುದಿಲ್ಲ, ಒಂದು ಮೀಟರ್ ಆಳದ ಸಿಹಿನೀರಿನಲ್ಲಿ ಅರ್ಧ ಗಂಟೆ ಇದ್ದರೂ ತಡೆಯುತ್ತದೆ ಎಂದು. ಮಳೆಯಲ್ಲಿ ನೆನೆಯುವ ನಮಗೆ ಅಷ್ಟು ಧಾರಾಳವಾಯಿತು. ಮೆಮೊರಿ ಕಾರ್ಡ್ ಹಾಕುವ ಜಾಗವಂತೂ ನಲವತ್ತು ಸಾವಿರದ ಎ55ರಲ್ಲಿ ಇದೆ, ಒಂದು ಲಕ್ಷ ಮೂವತ್ತು ಸಾವಿರದ ಅಲ್ಟ್ರಾದಲ್ಲಿ ಇಲ್ಲ.

ಹಾಗಾದರೆ ಹೆಚ್ಚಿನ ಹಣಕ್ಕೆ ಸಿಕ್ಕಿದ್ದೇನು? ಬಹಳ ವೇಗದ ಪ್ರೊಸೆಸರ್. ದೂರದ್ದನ್ನು ಹತ್ತಿರ ತರುವ ಎರಡು ಟೆಲಿಫೋಟೊ ಲೆನ್ಸು, ಮೂರು ಪಟ್ಟಿನದೊಂದು, ಐದು ಪಟ್ಟಿನದೊಂದು. ದೊಡ್ಡ ಸೆನ್ಸರಿನ 200 ಮೆಗಾಪಿಕ್ಸೆಲ್ ಕ್ಯಾಮೆರಾ. ಸುಡುಬಿಸಿಲಿನಲ್ಲೂ ಓದಬಲ್ಲ ಪರದೆ. ಟೈಟಾನಿಯಮ್ ಚೌಕಟ್ಟು, ಒಳಗೆ ಸಿಕ್ಕಿಸಿದ ಪೆನ್ನು, ಏಳು ವರ್ಷದ ಸಾಫ್ಟ್‌ವೇರ್ ಅಪ್‌ಡೇಟ್. ಇವೆಲ್ಲ ಸುಳ್ಳು ಹಿರಿಮೆಗಳಲ್ಲ. ಒಂದೊಂದೂ ನಿಜವಾದ ಕೆಲಸ. ಆದರೆ ಇವುಗಳಲ್ಲಿ ನಮ್ಮ ದಿನದ ಬದುಕಿಗೆ ಎಷ್ಟು ಬರುತ್ತವೆ ಎಂದು ಕೂತು ಲೆಕ್ಕ ಹಾಕುವವರು ಕಡಿಮೆ.

ಇನ್ನೊಂದು ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2020ರ ಏಪ್ರಿಲ್ 1ರಿಂದ ಮೊಬೈಲ್ ಫೋನಿನ ಜಿಎಸ್‌ಟಿ ಶೇಕಡಾ 12ರಿಂದ 18ಕ್ಕೆ ಏರಿತು. ಆ ಪ್ರಕಾರ ಅಲ್ಟ್ರಾದ ಬೆಲೆಯೊಳಗೆ ತೆರಿಗೆಯೇ ಸುಮಾರು 19,800 ರೂಪಾಯಿ. ಎ55ರಲ್ಲಿ ಸುಮಾರು 6,100. ಅಂದರೆ ದೊಡ್ಡ ಫೋನು ಕೊಂಡವರು ಬರೀ ತೆರಿಗೆಯೆಂದು ಕಟ್ಟುವ ಹಣದಲ್ಲಿ ಮನೆಯ ಇನ್ನೊಬ್ಬರಿಗೆ ಒಂದು ಸಾಧಾರಣ 5ಜಿ ಫೋನು ಬರುತ್ತದೆ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ನಮ್ಮ ಬಹುಪಾಲು ಮನೆಗಳಿಗೆ 25ರಿಂದ 40 ಸಾವಿರದ ನಡುವಿನ ಫೋನೇ ಸರಿಯಾದ ಫೋನು. ಹಣ ಇಲ್ಲದವರಿಗೆ ಮಾತ್ರ ಹೇಳುತ್ತಿಲ್ಲ, ಇರುವವರಿಗೂ ಇದೇ ಮಾತು. ಯಾಕೆಂದರೆ ಈ ಉದ್ಯಮದಲ್ಲಿ ಹೊಸದೆಲ್ಲ ಮೇಲಿನ ಅಂತಸ್ತಿನಲ್ಲಿ ಹುಟ್ಟುತ್ತದೆ, ಕೆಲವು ವರ್ಷದಲ್ಲಿ ಮಧ್ಯದ ಅಂತಸ್ತಿಗೆ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಅದರ ತೊಂದರೆಗಳೂ ಬಹಳಷ್ಟು ತೀರಿರುತ್ತವೆ. ಅಮೊಲೆಡ್ ಪರದೆ ಹಾಗೆ ಇಳಿಯಿತು, ಓಐಎಸ್ ಇಳಿಯಿತು, ವೇಗದ ಚಾರ್ಜಿಂಗ್ ಇಳಿಯಿತು, ನೀರು ತಡೆಯುವ ಗುಣವೂ ಇಳಿಯಿತು.

ಹೀಗೆ ಇಳಿಯುವುದು ಶುರುವಾದದ್ದು ಹೇಗೆಂದು ನೆನಪು ಮಾಡಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. 2013ರಲ್ಲಿ ಗ್ಯಾಲಕ್ಸಿ ಎಸ್4 ಬಂದಾಗ ಬೆಲೆ 41,500 ರೂಪಾಯಿ. ಆ ಕಾಲದಲ್ಲಿ ಹತ್ತು ಹನ್ನೆರಡು ಸಾವಿರಕ್ಕೆ ಸಿಗುತ್ತಿದ್ದ ಸ್ಮಾರ್ಟ್‌ಫೋನುಗಳು ಸಹನೆಯನ್ನೇ ಪರೀಕ್ಷಿಸುತ್ತಿದ್ದವು. ಒಂದು ಕರೆ ಬಂದರೆ ಪರದೆ ಹೊತ್ತಿಕೊಳ್ಳುವಷ್ಟರಲ್ಲಿ ಕರೆ ಮುಗಿದಿರುತ್ತಿತ್ತು. 2014ರ ಫೆಬ್ರುವರಿಯಲ್ಲಿ ಮೋಟೊರೋಲಾ ಕಂಪನಿಯ ಮೋಟೊ ಜಿ ಬಂತು. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್‌ನಲ್ಲಿ ಮಾತ್ರ ಮಾರಾಟ, ಬೆಲೆ 12,499ರಿಂದ. ಅದರಲ್ಲಿ ಅದ್ಭುತವೆನ್ನುವಂಥದ್ದು ಏನೂ ಇರಲಿಲ್ಲ. ಆದರೆ ಮುಟ್ಟಿದರೆ ತಕ್ಷಣ ಓಗೊಡುತ್ತಿತ್ತು, ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದವು, ಅಪ್‌ಡೇಟ್ ಸಮಯಕ್ಕೆ ಬರುತ್ತಿತ್ತು. ಕಡಿಮೆ ಬೆಲೆಗೆ ಮರ್ಯಾದೆಯ ಫೋನು ಸಿಗುತ್ತದೆ ಎಂದು ನಮ್ಮ ಮಧ್ಯಮ ವರ್ಗಕ್ಕೆ ಮನವರಿಕೆ ಮಾಡಿಕೊಟ್ಟದ್ದು ಅದೇ. ಅದೇ ವರ್ಷದ ಕೊನೆಗೆ ಒನ್‌ಪ್ಲಸ್ ಒನ್ 21,999ಕ್ಕೆ ಬಂತು, ದೊಡ್ಡ ಫೋನುಗಳಿಗೆ ಸಡ್ಡು ಹೊಡೆಯಿತು. ಆ ಕಂಪನಿಯ ಮುಖ್ಯ ಮಾದರಿ ಹತ್ತು ವರ್ಷದಲ್ಲಿ ಏರುತ್ತಾ ಏರುತ್ತಾ 2024ರ ಒನ್‌ಪ್ಲಸ್ 12ಕ್ಕೆ 64,999 ಆಯಿತು. ತಾನು ಬಿಟ್ಟುಬಂದ ಜಾಗವನ್ನು ತುಂಬಲು ಅದೇ ಕಂಪನಿ 2020ರಲ್ಲಿ ನಾರ್ಡ್ ಎಂಬ ಬೇರೆ ಸಾಲನ್ನೇ ಹೊರತರಬೇಕಾಯಿತು. ಆ ಜಾಗದಲ್ಲಿ ಕೊಳ್ಳುವವರು ಹಾಗೇ ಕಾದಿದ್ದರು.

ಗೂಗಲ್ಲಿನ ಪಿಕ್ಸೆಲ್ ಕಥೆ ಇನ್ನೂ ಚೆನ್ನಾಗಿದೆ. 2018ರ ಕೊನೆಯಲ್ಲಿ ಪಿಕ್ಸೆಲ್ 3 ಇಲ್ಲಿಗೆ ಬಂದಾಗ ಬೆಲೆ 71,000. ಆರೇಳು ತಿಂಗಳಲ್ಲಿ ಪಿಕ್ಸೆಲ್ 3ಎ ಬಂತು, 39,999ಕ್ಕೆ. ಹಿಂದಿನ ಕ್ಯಾಮೆರಾ ಎರಡರಲ್ಲೂ ಅದೇ 12.2 ಮೆಗಾಪಿಕ್ಸೆಲ್ಲಿನದು. ಕತ್ತಲೆಯಲ್ಲಿ ಹಲವು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ ಬೆಳಕು ತರುವ ನೈಟ್ ಸೈಟ್ ಎಂಬ ತಂತ್ರ ಎರಡರಲ್ಲೂ ಇತ್ತು. ಅಗ್ಗದ ಫೋನಿನಲ್ಲಿ ಚಿತ್ರ ಸಿದ್ಧವಾಗಲು ಸ್ವಲ್ಪ ಹೆಚ್ಚು ಹೊತ್ತು ಬೇಕಾಗುತ್ತಿತ್ತು, ಅಷ್ಟೆ. ದುಬಾರಿಯದರಲ್ಲಿ ತೆಗೆದುಹಾಕಿದ್ದ ಇಯರ್‌ಫೋನ್ ತೂತು ಅಗ್ಗದ್ದರಲ್ಲಿ ಉಳಿದಿತ್ತು! ಫೋಟೊದ ಗುಣ ಬಹುಮಟ್ಟಿಗೆ ಸಾಫ್ಟ್‌ವೇರಿನಿಂದ ಬರುತ್ತದೆ, ಆ ಸಾಫ್ಟ್‌ವೇರು ಕೆಳಗಿನ ಬೆಲೆಯಲ್ಲೂ ಓಡುತ್ತದೆ ಎಂದು ಕಂಪನಿಯೇ ತೋರಿಸಿಕೊಟ್ಟಿತು.

ಕ್ಯಾಮೆರಾ ವಿಷಯಕ್ಕೆ ಬಂದೆವಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ. ದುಬಾರಿ ಫೋನು ಕೊಳ್ಳಲು ಜನ ಕೊಡುವ ಮೊದಲ ಕಾರಣವೇ ಇದು.

ಅಂಗಡಿಯಲ್ಲಿ ಮೊದಲು ಕೇಳಿಬರುವುದು ಮೆಗಾಪಿಕ್ಸೆಲ್. 50, 108, 200. ಈ ಸಂಖ್ಯೆಗೆ ಮರುಳಾಗಬೇಡಿ. 50 ಮೆಗಾಪಿಕ್ಸೆಲ್ಲಿನ ಫೋನು ಸಾಮಾನ್ಯವಾಗಿ ನಾಲ್ಕು ನಾಲ್ಕು ಚುಕ್ಕೆಗಳನ್ನು ಒಂದಾಗಿಸಿ ಹನ್ನೆರಡೂವರೆ ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಕೊಡುತ್ತದೆ. 108ರದ್ದು ಒಂಬತ್ತೊಂಬತ್ತನ್ನು ಕೂಡಿಸಿ ಹನ್ನೆರಡು ಮಾಡುತ್ತದೆ. ಕೊನೆಗೆ ಕೈಗೆ ಬರುವ ಚಿತ್ರದ ಗಾತ್ರ ಹೆಚ್ಚುಕಡಿಮೆ ಒಂದೇ. ಮುಖ್ಯವಾದದ್ದು ಬೆಳಕು ಬೀಳುವ ಸೆನ್ಸರಿನ ಅಳತೆ. ಅಂಗಳದಲ್ಲಿ ಮಳೆಗೆ ತಂಬಿಗೆ ಇಟ್ಟರೆ ತಂಬಿಗೆಯಷ್ಟು ನೀರು, ಕೊಪ್ಪರಿಗೆ ಇಟ್ಟರೆ ಕೊಪ್ಪರಿಗೆಯಷ್ಟು, ಬೆಳಕೂ ಹಾಗೆಯೇ. ಹಗಲಿನಲ್ಲಿ ಬೆಳಕು ಧಾರಾಳವಾಗಿರುವಾಗ ಸಣ್ಣ ಸೆನ್ಸರಿಗೂ ಹೊಟ್ಟೆ ತುಂಬುತ್ತದೆ. ಕತ್ತಲಾದಂತೆ ದೊಡ್ಡ ಸೆನ್ಸರಿನ ಹಿರಿಮೆ ಕಾಣುತ್ತದೆ.

ಕಾರ್ತಿಕ ಮಾಸದ ಒಂದು ಸಂಜೆ ತುಳಸಿಕಟ್ಟೆಯ ಮುಂದೆ ಎರಡು ಫೋನು ಹಿಡಿದು ಇದನ್ನು ನೋಡಿದೆ. ಒಂದು ಲಕ್ಷ ದಾಟಿದ್ದು, ಇನ್ನೊಂದು ಮೂವತ್ತು ಸಾವಿರದ ಆಸುಪಾಸಿನದು. ಕಟ್ಟೆಯ ಸುತ್ತ ಹಣತೆಗಳು, ನಡುವೆ ನೆಲ್ಲಿಕಾಯಿಯ ಕೊಂಬೆ, ಬೇರೆ ದೀಪವಿಲ್ಲ. ಫೋನಿನ ಪರದೆಯಲ್ಲೇ ನೋಡಿದಾಗ ಎರಡು ಚಿತ್ರಗಳೂ ಚೆಂದ. ಯಾವುದು ಯಾವುದರದು ಎಂದು ಮನೆಯವರಿಗೆ ಹೇಳಲಾಗಲಿಲ್ಲ. ಬೆರಳಿನಿಂದ ಹಿಗ್ಗಿಸಿದಾಗ ವ್ಯತ್ಯಾಸ ತಿಳಿಯಿತು. ದುಬಾರಿ ಫೋನಿನಲ್ಲಿ ಹಣತೆಯ ಬಾಯಿಯ ಮಸಿ, ಎಣ್ಣೆಯ ಹೊಳಪು, ಬತ್ತಿಯ ತುದಿ ಬೇರೆಬೇರೆಯಾಗಿ ಉಳಿದಿದ್ದವು. ಇನ್ನೊಂದರಲ್ಲಿ ಜ್ವಾಲೆ ಬಿಳಿಯ ಬೊಟ್ಟಾಗಿತ್ತು, ತುಳಸಿಯ ಎಲೆಗಳು ಒಂದಕ್ಕೊಂದು ಅಂಟಿದ್ದವು. ವ್ಯತ್ಯಾಸ ಇದೆ, ನನಗೆ ಅನುಮಾನವಿಲ್ಲ. ಆಮೇಲೆ ಎರಡನ್ನೂ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದೆವು. ವಾಟ್ಸ್ಆ್ಯಪ್ ಸಾಮಾನ್ಯವಾಗಿ ಚಿತ್ರಗಳನ್ನು ಕುಗ್ಗಿಸಿಯೇ ಕಳಿಸುತ್ತದೆ. ಎಚ್‌ಡಿ ಎಂಬ ಗುಂಡಿಯನ್ನು ಒತ್ತದ ಹೊರತು ಸಣ್ಣ ಗಾತ್ರವೇ ಹೋಗುತ್ತದೆ. ನಾವು ತೆಗೆಯುವ ಚಿತ್ರಗಳಲ್ಲಿ ಬಹುಪಾಲು ಹೀಗೆ ಕುಗ್ಗಿ ಇನ್ನೊಬ್ಬರ ಅಂಗೈ ಸೇರುವಂಥವು. ಆ ಅಂಗೈಯಲ್ಲಿ ಹಣತೆಯ ಮಸಿ ಕಾಣುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಮಧ್ಯಮ ಬೆಲೆಯ ಫೋನುಗಳಲ್ಲಿ ಹೆಚ್ಚಿನವು ಸೋಲುತ್ತವೆ. ಕರಾವಳಿಯಲ್ಲಿ ರಾತ್ರಿ ಬಯಲಾಟ ನೋಡಲು ಹೋಗಿದ್ದೀರಿ, ಕೂತದ್ದು ಹಿಂದಿನ ಸಾಲಿನಲ್ಲಿ. ರಂಗಸ್ಥಳದಲ್ಲಿ ಬಣ್ಣದ ವೇಷದ ಮುಖವರ್ಣಿಕೆ ಚಿತ್ರದಲ್ಲಿ ಬರಬೇಕು. ಇದಕ್ಕೆ ನಿಜವಾದ ಟೆಲಿಫೋಟೊ ಲೆನ್ಸೇ ಬೇಕು. ಸಾಫ್ಟ್‌ವೇರಿನಿಂದ ಹಿಗ್ಗಿಸಿದ ಚಿತ್ರದಲ್ಲಿ ಕಿರೀಟ ಹೊಳೆಯುತ್ತದೆ, ಮುಖ ಕಲಸಿಹೋಗುತ್ತದೆ. ರಂಗನತಿಟ್ಟಿನಲ್ಲಿ ದೋಣಿಯಿಂದ ಕೊಕ್ಕರೆಯ ಚಿತ್ರ ತೆಗೆಯುವವರ ಕಥೆಯೂ ಇದೇ. ಮದುವೆಯ ವಿಡಿಯೊ ಮಾಡಿ ಸಂಪಾದಿಸುವವರು, ಯೂಟ್ಯೂಬಿನಲ್ಲಿ ಹೊಟ್ಟೆಪಾಡು ಕಂಡುಕೊಂಡವರು, ಪತ್ರಿಕೆಗೆ ಸ್ಥಳದಿಂದಲೇ ದೃಶ್ಯ ಕಳಿಸುವವರು, ಇವರೆಲ್ಲ ದೊಡ್ಡ ಫೋನು ಕೊಳ್ಳಲಿ. ಅವರಿಗೆ ಅದು ದುಡಿಮೆಯ ಸಲಕರಣೆ. ಹಾಕಿದ ಹಣ ಹಿಂದಕ್ಕೆ ಬರುತ್ತದೆ.

ವೇಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಸ್ಸಿನ ಟಿಕೆಟ್ಟು, ಯುಪಿಐ ಪಾವತಿ, ನಕ್ಷೆ, ವಿಡಿಯೊ ಕರೆ, ಪಹಣಿ ನೋಡುವುದು, ಮಕ್ಕಳ ಪಾಠದ ವಿಡಿಯೊ, ಇವುಗಳಿಗೆ ಇಂದಿನ ಮಧ್ಯಮ ದರ್ಜೆಯ ಪ್ರೊಸೆಸರ್ ಬೆವರುವುದಿಲ್ಲ. ಭಾರೀ ಆಟಗಳನ್ನು ಗಂಟೆಗಟ್ಟಲೆ ಆಡುವವರಿಗೆ, ಫೋನಿನಲ್ಲೇ ದೊಡ್ಡ ವಿಡಿಯೊ ಸಂಕಲನ ಮಾಡುವವರಿಗೆ ಮಾತ್ರ ಮೇಲಿನದು ಬೇಕಾಗುತ್ತದೆ. ಮಲೆನಾಡಿನ ಕೇಳುಗರಿಗೆ ಒಂದು ಮಾತು: ದುಬಾರಿ ಫೋನು ಕೊಂಡರೆ ಮನೆಯಲ್ಲಿ ಸಿಗ್ನಲ್ ಬರುತ್ತದೆ ಎಂದು ನಂಬಿ ಹಣ ಹಾಕಬೇಡಿ. ಅದನ್ನು ಮುಖ್ಯವಾಗಿ ನಿರ್ಧರಿಸುವುದು ಮೊಬೈಲ್ ಗೋಪುರ ಎಷ್ಟು ದೂರವಿದೆ, ಯಾವ ತರಂಗಾಂತರ ಬಳಸುತ್ತದೆ ಎಂಬುದು. 2022ರ ಹರಾಜಿನಲ್ಲಿ ಜಿಯೊ ಕೊಂಡ 700 ಮೆಗಾಹರ್ಟ್ಸ್ ತರಂಗ ಗುಡ್ಡಮರಗಳ ನಡುವೆಯೂ ಹೆಚ್ಚು ದೂರ ಸಾಗುವಂಥದ್ದು. ಆ ಕಂಪನಿಯ ಸಿಮ್ ಬಳಸುವವರು ಫೋನಿನ ವಿವರಪಟ್ಟಿಯಲ್ಲಿ ಎನ್28 ಎಂಬ ಬ್ಯಾಂಡ್ ಇದೆಯೇ ಎಂದು ನೋಡಿ. ಮನೆಗೆ ಫೈಬರ್ ಇದ್ದರೆ ವೈಫೈ ಕಾಲಿಂಗ್ ಇರುವ ಫೋನು ತೆಗೆದುಕೊಳ್ಳಿ. ಗೋಪುರವೇ ಸಿಗದ ಮನೆಯಿಂದಲೂ ಕರೆ ಹೋಗುತ್ತದೆ.

ಇನ್ನು ಬಾಳಿಕೆ. "ದುಬಾರಿ ಫೋನು ಆರೇಳು ವರ್ಷ ಬರುತ್ತದೆ, ಆದ್ದರಿಂದ ಕೊನೆಗೆ ಅದೇ ಅಗ್ಗ" ಎಂಬ ವಾದ ಕೇಳಿರುತ್ತೀರಿ. ಇದು ತೂಕದ ವಾದ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಕೆಲವೇ ವರ್ಷಗಳ ಹಿಂದೆ ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನುಗಳಿಗೆ ಎರಡು ವರ್ಷದ ಅಪ್‌ಡೇಟ್ ಸಿಕ್ಕರೆ ಪುಣ್ಯ ಎಂಬಂತಿತ್ತು. ಆದರೆ ಈ ಗುಣವೂ ಮೇಲಿನಿಂದ ಇಳಿದಿದೆ. 2024ರ ಪಿಕ್ಸೆಲ್ 8ಎ ಏಳು ವರ್ಷದ ಅಪ್‌ಡೇಟಿನ ಭರವಸೆಯೊಂದಿಗೆ ಬಂತು. ನಾನು ಆಗ ಹೇಳಿದ ಎ55ಕ್ಕೆ ಆಂಡ್ರಾಯ್ಡಿನ ನಾಲ್ಕು ಹೊಸ ಆವೃತ್ತಿ, ಐದು ವರ್ಷದ ಸುರಕ್ಷತಾ ಅಪ್‌ಡೇಟ್. ಅದರ ಮುಂದಿನ ಎ56ಕ್ಕೆ ಆರು ವರ್ಷ. ಅಷ್ಟೇ ಏಕೆ, 2024ರ ಕೊನೆಯಲ್ಲಿ ಸುಮಾರು 19 ಸಾವಿರಕ್ಕೆ ಬಂದ ಗ್ಯಾಲಕ್ಸಿ ಎ16 ಎಂಬ ಫೋನಿಗೂ ಆರು ವರ್ಷದ ಭರವಸೆ ಇತ್ತು. ಐರೋಪ್ಯ ಒಕ್ಕೂಟವಂತೂ 2025ರ ಜೂನ್ 20ರಿಂದ ನಿಯಮವನ್ನೇ ಮಾಡಿತು. ಅಲ್ಲಿ ಮಾರುವ ಫೋನುಗಳ ಬ್ಯಾಟರಿ 800 ಸಲ ಚಾರ್ಜಾದ ಮೇಲೂ ಶೇಕಡಾ 80ರಷ್ಟು ಸಾಮರ್ಥ್ಯ ಉಳಿಸಿಕೊಳ್ಳಬೇಕು, ಮಾದರಿಯ ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್ ಸಿಗಬೇಕು, ಏಳು ವರ್ಷ ಬಿಡಿಭಾಗ ಸಿಗಬೇಕು. ಇಂಥ ನಿಯಮ ನಮ್ಮ ದೇಶಕ್ಕೂ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಸಾಫ್ಟ್‌ವೇರು ಬಾಳಿದರೂ ಬ್ಯಾಟರಿ ಬಾಳಬೇಕಲ್ಲ. ಲಿಥಿಯಮ್ ಬ್ಯಾಟರಿಗೆ ಬೆಲೆಯ ಭೇದ ಗೊತ್ತಿಲ್ಲ. ಐಫೋನ್ 14 ಮತ್ತು ಅದಕ್ಕಿಂತ ಹಿಂದಿನವು 500 ಪೂರ್ತಿ ಚಾರ್ಜಿಗೆ ಶೇಕಡಾ 80ಕ್ಕೆ ಇಳಿಯುತ್ತವೆ, 15ರಿಂದ ಈಚಿನವು 1,000ಕ್ಕೆ ಇಳಿಯುತ್ತವೆ ಎಂದು ಆ್ಯಪಲ್ ಕಂಪನಿಯೇ ಹೇಳುತ್ತದೆ. ದಿನಕ್ಕೊಂದು ಪೂರ್ತಿ ಚಾರ್ಜ್ ಎಂದರೆ ಒಂದೂವರೆ ವರ್ಷಕ್ಕಿಂತ ಕೊಂಚ ಕಡಿಮೆ, ಇಲ್ಲವೇ ಮೂರು ವರ್ಷಕ್ಕಿಂತ ಕೊಂಚ ಕಡಿಮೆ. ಏಳು ವರ್ಷ ಇಟ್ಟುಕೊಳ್ಳುವವರು ನಡುವೆ ಒಂದೆರಡು ಸಲವಾದರೂ ಬ್ಯಾಟರಿ ಬದಲಿಸಬೇಕು. ಆಗ ದುರಸ್ತಿಯ ಮೇಜಿಗೆ ಹೋಗಬೇಕಾಗುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಒಳಗಲ್ಲಿಗಳಲ್ಲಿ ಅಂಥ ಮೇಜುಗಳನ್ನು ನೀವು ನೋಡಿರಬಹುದು. ಒಂದು ಬಿಸಿತಟ್ಟೆ, ತಲೆಯ ಮೇಲೆ ಬಾಗಿದ ಭೂತಗನ್ನಡಿ, ಗಿಟಾರಿನ ಪಿಕ್ಕಿನಂಥ ತೆಳ್ಳಗಿನ ಪ್ಲಾಸ್ಟಿಕ್ ಬಿಲ್ಲೆಗಳು. ಒಬ್ಬ ಹುಡುಗ ಬೆನ್ನಿಗೂ ಗಾಜು ಹಾಕಿದ, ಅಂಚು ಬಾಗಿದ ದೊಡ್ಡ ಫೋನೊಂದನ್ನು ಬಿಚ್ಚುತ್ತಿದ್ದುದನ್ನು ನಿಂತು ನೋಡಿದ್ದೇನೆ. ಮೊದಲು ಅಂಟು ಮೆತ್ತಗಾಗುವಷ್ಟು ಬಿಸಿ ಮಾಡಿದ. ಒಂದು ಮೂಲೆಯಲ್ಲಿ ಬಿಲ್ಲೆ ತೂರಿಸಿ, ಉಸಿರು ಬಿಗಿಹಿಡಿದು, ಅಂಚಿನುದ್ದಕ್ಕೂ ಕೂದಲೆಳೆಯಷ್ಟೇ ಸರಿಸುತ್ತಾ ಬಂದ. ಕ್ಯಾಮೆರಾದ ಹತ್ತಿರ ಸಣ್ಣ ಚಟ್ ಎಂಬ ಸದ್ದು. ಗಾಜಿನ ಮೇಲೆ ಗೆರೆ ಮೂಡಿತು. ಅವನ ಮುಖ ಸಣ್ಣದಾಯಿತು. ಪಕ್ಕದ ಮೇಜಿನಲ್ಲಿ ಪ್ಲಾಸ್ಟಿಕ್ ಬೆನ್ನಿನ ಸಾಧಾರಣ ಫೋನೊಂದು ಅಷ್ಟರಲ್ಲಿ ಬಿಚ್ಚಿ, ಬ್ಯಾಟರಿ ಬದಲಾಗಿ, ಮುಚ್ಚಿಯೂ ಆಗಿತ್ತು. ಮಧ್ಯಮ ಬೆಲೆಯ ಹಲವು ಫೋನುಗಳ ಬೆನ್ನು ಇಂದಿಗೂ ಪ್ಲಾಸ್ಟಿಕ್ಕಿನದೇ. ಕೆಳಗೆ ಬಿದ್ದರೆ ಗೀರು ಬೀಳುತ್ತದೆ, ಒಡೆಯುವುದು ಅಪರೂಪ. ಅತಿ ದುಬಾರಿ ಫೋನಿನ ಪರದೆ ಒಡೆದರೆ, ವಾರಂಟಿಯ ಹೊರಗೆ ಅದನ್ನು ಬದಲಿಸುವ ಖರ್ಚಿಗೆ ಒಂದು ಒಳ್ಳೆಯ ಮಧ್ಯಮ ಫೋನೇ ಬರುತ್ತದೆ.

ಬಾಳಿಕೆಯ ಬಗ್ಗೆಯೇ ಇನ್ನೊಂದು ಮಾತು. ಬೈಕಿನ ಹ್ಯಾಂಡಲ್ಲಿಗೆ ಫೋನು ಸಿಕ್ಕಿಸಿ ನಕ್ಷೆ ನೋಡುವವರು ನಮ್ಮಲ್ಲಿ ಲಕ್ಷಾಂತರ ಜನ. ದೊಡ್ಡ ಎಂಜಿನ್ನಿನ ಬೈಕುಗಳ ಜೋರು ಕಂಪನದಿಂದ ಕ್ಯಾಮೆರಾದ ಓಐಎಸ್ ಕೆಡಬಹುದು ಎಂದು ಆ್ಯಪಲ್ 2021ರಲ್ಲೇ ಎಚ್ಚರಿಸಿತ್ತು. ದಿನವಿಡೀ ಗಾಡಿಯ ಮೇಲಿರುವ ಡೆಲಿವರಿ ಹುಡುಗರು ಇದನ್ನು ಮರೆಯಬಾರದು.

ಮಧ್ಯಮ ಬೆಲೆಯ ಫೋನುಗಳಲ್ಲಿ ದೋಷವೇ ಇಲ್ಲವೆಂದು ನಾನು ಹೇಳುವುದಿಲ್ಲ. ಕೆಲವು ಕಂಪನಿಗಳು ಬೆಲೆ ಇಳಿಸಿ ಆ ನಷ್ಟವನ್ನು ಜಾಹೀರಾತಿನಿಂದ ತುಂಬಿಕೊಳ್ಳುತ್ತವೆ. ಬೇಡದ ಹತ್ತಾರು ಆ್ಯಪ್‌ಗಳು ಮೊದಲೇ ತುಂಬಿರುತ್ತವೆ, ಪರದೆ ತೆರೆಯುವ ಮೊದಲೇ ಜಾಹೀರಾತು ಎದುರಾಗುತ್ತದೆ. ಹಣ ಕೊಟ್ಟು ಕೊಂಡ ವಸ್ತುವಿನಲ್ಲಿ ಇದು ಅನ್ಯಾಯ. ಎರಡು ಮೆಗಾಪಿಕ್ಸೆಲ್ಲಿನ ಮ್ಯಾಕ್ರೊ ಕ್ಯಾಮೆರಾವನ್ನು ಲೆಕ್ಕಕ್ಕೆಂದು ಸೇರಿಸಿ ಮೂರು ಕ್ಯಾಮೆರಾ ಎಂದು ಕರೆಯುವುದೂ ಅಷ್ಟೇ. "ಎಂಟು ಜಿಬಿ ರ್‍ಯಾಮ್, ಜೊತೆಗೆ ಇನ್ನೂ ಎಂಟು" ಎಂದು ಬರೆದಿದ್ದರೆ ಆ ಇನ್ನೂ ಎಂಟು ರ್‍ಯಾಮ್ ಅಲ್ಲ; ಶೇಖರಣೆಯ ಜಾಗದಲ್ಲೇ ಒಂದು ಭಾಗವನ್ನು ಆ ಕೆಲಸಕ್ಕೆ ಬಿಟ್ಟಿರುತ್ತಾರೆ, ಅದು ಬಹಳ ನಿಧಾನ. ತೀರಾ ಕೆಳಗಿನ ಬೆಲೆಗೂ ಇಳಿಯಬೇಡಿ. ಅಲ್ಲಿ ಯುಎಫ್‌ಎಸ್ ಎಂಬ ವೇಗದ ಶೇಖರಣೆಯ ಬದಲು ಇಎಂಎಂಸಿ ಎಂಬ ಹಳೆಯ, ನಿಧಾನದ ಬಗೆ ಸಿಗುವ ಸಾಧ್ಯತೆ ಹೆಚ್ಚು, ಅಂಥ ಫೋನು ಎರಡನೆಯ ವರ್ಷಕ್ಕೇ ತಡವರಿಸುತ್ತದೆ. ಹತ್ತೊಂಬತ್ತು ಸಾವಿರದ ಫೋನಿಗೆ ಆರು ವರ್ಷದ ಅಪ್‌ಡೇಟ್ ಒಳ್ಳೆಯದೇ, ಆದರೆ ಅದರ ದುರ್ಬಲ ಪ್ರೊಸೆಸರ್ ಆರನೆಯ ವರ್ಷದಲ್ಲಿ ಆ ಹೊಸ ಸಾಫ್ಟ್‌ವೇರನ್ನು ಎಳೆಯಬೇಕಲ್ಲ! ಅದಕ್ಕೇ ನಾನು 25 ಸಾವಿರದಿಂದ ಮೇಲೆ ಎಂದದ್ದು.

ನಮ್ಮ ಹೊರದೇಶದ ಬಂಧುಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅಮೆರಿಕದಲ್ಲಿರುವ ಮಕ್ಕಳು ಊರಿನ ತಂದೆತಾಯಿಗೆ ಪ್ರೀತಿಯಿಂದ ಐಫೋನು ತಂದುಕೊಡುತ್ತಾರೆ. 2022ರ ಐಫೋನ್ 14ರಿಂದ ಅಮೆರಿಕದಲ್ಲಿ ಮಾರುವ ಐಫೋನುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಎಲ್ಲ ಇ-ಸಿಮ್. ತೀರ್ಥಹಳ್ಳಿಯ ತಾಯಿ ತನ್ನ ಹಳೆಯ ಸಿಮ್ಮನ್ನು ಎಲ್ಲಿ ಸಿಕ್ಕಿಸಬೇಕು? ಇ-ಸಿಮ್ಮಿಗೆ ಬದಲಿಸಲು ಯಾರನ್ನಾದರೂ ಹಿಡಿಯಬೇಕು. ಫೋನು ಕೆಟ್ಟ ದಿನ ಆ ಸಿಮ್ಮನ್ನು ಕಿತ್ತು ಬೇರೊಂದು ಫೋನಿಗೆ ಹಾಕಲೂ ಆಗದು. ಮಕ್ಕಳೇ, ಊರಿಗೆ ಬಂದಾಗ ತಂದೆತಾಯಿಯನ್ನು ಶಿವಮೊಗ್ಗದ ಅಂಗಡಿಗೇ ಕರೆದುಕೊಂಡು ಹೋಗಿ. ಜೋರಾಗಿ ಕೇಳುವ ಸ್ಪೀಕರು, ದೊಡ್ಡ ಅಕ್ಷರ, ಎರಡು ದಿನ ಬರುವ ಬ್ಯಾಟರಿ, ಹತ್ತಿರದಲ್ಲೇ ಸರ್ವಿಸ್ ಸೆಂಟರ್ ಇರುವ ಕಂಪನಿ, ಇಷ್ಟು ನೋಡಿ ಕೊಡಿಸಿ.

ಮತ್ತೆ ಐಫೋನಿನ ಮಾತು ಬಂತು. 2017ರಲ್ಲಿ ಪೀಣ್ಯದಲ್ಲಿ ಐಫೋನ್ ಎಸ್ಇ ಜೋಡಣೆ ಶುರುವಾಯಿತು. ಆಮೇಲೆ ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಕಾರ್ಖಾನೆ ಬಂತು, 2023ರಲ್ಲಿ ಅದು ಟಾಟಾ ಕೈಸೇರಿತು. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಎದ್ದಿತು. ಜಗತ್ತಿನ ದುಬಾರಿ ಫೋನುಗಳನ್ನು ನಮ್ಮ ಹಳ್ಳಿಗಳ ಹೆಣ್ಣುಮಕ್ಕಳ ಕೈ ಜೋಡಿಸುತ್ತಿದೆ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ. ಆದರೆ ಇಲ್ಲಿ ತಯಾರಾದರೂ ಅದರ ಬೆಲೆ ನಮ್ಮ ಸಂಬಳಕ್ಕೆ ಹೊಂದುವಂತಾಗಿಲ್ಲ. 2024ರ ಸೆಪ್ಟೆಂಬರಿನಲ್ಲಿ ಐಫೋನ್ 16 ಪ್ರೊ ಬಂದಾಗ ಇಲ್ಲಿ ಅದರ ಆರಂಭದ ಬೆಲೆ 1,19,900 ರೂಪಾಯಿ ಇತ್ತು.

ಇಷ್ಟು ಹಣ ಕೈಯಲ್ಲಿಲ್ಲದವರೂ ಅದನ್ನು ಹೇಗೆ ಕೊಳ್ಳುತ್ತಾರೆ? ಕಂತಿನಲ್ಲಿ. ದಸರಾ, ದೀಪಾವಳಿ ಹತ್ತಿರವಾದಂತೆ "ನೋ ಕಾಸ್ಟ್ ಇಎಂಐ" ಎಂಬ ಫಲಕ ಎಲ್ಲ ಕಡೆ ಏಳುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಬೇರೆ ಶುಲ್ಕದ ಹೆಸರಿನಲ್ಲಿ ಅಡಗಿಸುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ ಅಂಥ ಯೋಜನೆಗಳನ್ನು ತಡೆಯಿತು. ಈಗ ನಡೆಯುವುದು ಹೀಗೆ: ಬ್ಯಾಂಕು ಬಡ್ಡಿ ಹಾಕುತ್ತದೆ, ಮಾರುವವರು ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯೆಂದು ಮೊದಲೇ ಕಳೆಯುತ್ತಾರೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲಿನ ಶೇಕಡಾ 18 ಜಿಎಸ್‌ಟಿ ನಮ್ಮ ತಲೆಗೆ, ಸಂಸ್ಕರಣಾ ಶುಲ್ಕವೂ ನಮ್ಮ ತಲೆಗೆ. ಎರಡು ವರ್ಷ ಕಂತು ತುಂಬುವಷ್ಟರಲ್ಲಿ ಹೊಸ ಮಾದರಿ ಎರಡು ಸಲ ಬಂದಿರುತ್ತದೆ.

ನನಗೆ ಹೆಚ್ಚು ಸಂಕಟ ಕೊಡುವುದು ಕಾಲೇಜು ಸೇರುವ ಮಕ್ಕಳ ವಿಷಯ. ಪಿಯುಸಿ ಮುಗಿಸಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೊರಟ ಮಗ, ಮಗಳು ದೊಡ್ಡ ಫೋನೇ ಬೇಕೆಂದು ಹಟ ಹಿಡಿಯುತ್ತಾರೆ. ಅಪ್ಪ ಸಾಲ ಮಾಡುತ್ತಾರೆ. ಆ ಮಕ್ಕಳನ್ನು ನಾನು ಬಯ್ಯುವುದಿಲ್ಲ. ಹಾಸ್ಟೆಲ್ಲಿನಲ್ಲಿ ಎಲ್ಲರ ನಡುವೆ ಕುಗ್ಗಿ ನಿಲ್ಲಬಾರದು ಎಂಬ ಆಸೆ ಅವರದು, ಆ ಆಸೆ ಸಣ್ಣದಲ್ಲ. ಆದರೆ ಮಗುವನ್ನು ಕೂರಿಸಿಕೊಂಡು ಕಾಗದದ ಮೇಲೆ ಲೆಕ್ಕ ಬರೆಯಿರಿ. ಒಂದು ಲಕ್ಷ ಮೂವತ್ತು ಸಾವಿರದಲ್ಲಿ ಮೂವತ್ತೈದು ಸಾವಿರದ ಫೋನು, ಓದಿಗೆ ಬೇಕಾದ ಒಳ್ಳೆಯ ಲ್ಯಾಪ್‌ಟಾಪು, ಆಮೇಲೂ ಕೈಯಲ್ಲಿ ಹಣ. ಪ್ರೋಗ್ರಾಮಿಂಗ್ ಕಲಿಯಬೇಕಾದವರು, ವರದಿ ಬರೆಯಬೇಕಾದವರು ಫೋನಿನ ಪರದೆಯ ಮೇಲೆ ಅದನ್ನು ಮಾಡಲಾರರು. ಈ ಲೆಕ್ಕವನ್ನು ಮಕ್ಕಳ ಕೈಯಿಂದಲೇ ಬರೆಸಿದರೆ ಬಹಳ ಮಕ್ಕಳು ಒಪ್ಪುತ್ತಾರೆ, ನಾನೇ ಕಂಡಿದ್ದೇನೆ.

ಕೊನೆಗೆ ಅಂಗಡಿಯ ಮಾತು. ಅಂಗಡಿಯ ದೀಪದ ಕೆಳಗೆ ಎಲ್ಲ ಪರದೆಗಳೂ ಹೊಳೆಯುತ್ತವೆ. ಫೋನನ್ನು ಬಾಗಿಲ ಹೊರಗೆ ಬಿಸಿಲಿಗೆ ತಂದು ಒಂದು ಸಂದೇಶ ಓದಿ ನೋಡಿ. ನಿಮ್ಮ ಸಿಮ್ ಹಾಕಿ ಒಂದು ಕರೆ ಮಾಡಿ, ಆ ಕಡೆಯವರಿಗೆ ನಿಮ್ಮ ದನಿ ಹೇಗೆ ಕೇಳುತ್ತದೆ ಎಂದು ವಿಚಾರಿಸಿ. ನಡೆದಾಡುವ ಮಗುವಿನ ಚಿತ್ರ ತೆಗೆಯಿರಿ. ನಿಂತ ಹೂಕುಂಡದ ಚಿತ್ರ ಎಲ್ಲ ಫೋನಿನಲ್ಲೂ ಚೆನ್ನಾಗಿ ಬರುತ್ತದೆ. ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿ, ಆ ವರ್ಷಗಳು ಮಾದರಿ ಬಿಡುಗಡೆಯಾದ ದಿನದಿಂದ ಲೆಕ್ಕ ಎಂಬುದು ನೆನಪಿರಲಿ. ಎರಡು ವರ್ಷ ಹಳೆಯ ಮಾದರಿ ರಿಯಾಯಿತಿಗೆ ಸಿಕ್ಕರೆ ಅದರಲ್ಲಿ ಎರಡು ವರ್ಷ ಆಗಲೇ ಕಳೆದಿದೆ.

ಬಳಸಿದ ದುಬಾರಿ ಫೋನನ್ನು ಮಧ್ಯಮ ಬೆಲೆಗೆ ಕೊಳ್ಳುವ ದಾರಿಯೂ ಇದೆ. ಹಾಗೆ ಕೊಳ್ಳುವಾಗ ಬ್ಯಾಟರಿ ಎಷ್ಟು ಸವೆದಿದೆ ಎಂದು ನೋಡಿ, ಹೊಸ ಬ್ಯಾಟರಿಯ ಖರ್ಚನ್ನೂ ಸೇರಿಸಿ ಬೆಲೆ ಕಟ್ಟಿ. ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಒಂದು ಜಾಗ ಬಿಟ್ಟು, ಆ ಸಂಖ್ಯೆ ಸೇರಿಸಿ 14422ಕ್ಕೆ ಸಂದೇಶ ಕಳಿಸಿ. ಆ ಸಂಖ್ಯೆ ಸರಿಯಾದದ್ದೇ, ತಡೆಹಿಡಿದದ್ದೇ ಎಂದು ಸರ್ಕಾರದ ದಾಖಲೆಯಿಂದ ಉತ್ತರ ಬರುತ್ತದೆ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲೂ ಇದನ್ನು ನೋಡಬಹುದು. ಹೊಸದಾಗಲಿ ಹಳೆಯದಾಗಲಿ, ಆ ಸಂಖ್ಯೆಯನ್ನು ನಮೂದಿಸಿದ ರಸೀದಿಯನ್ನು ಕೇಳಿ ಪಡೆದುಕೊಂಡೇ ಅಂಗಡಿಯ ಮೆಟ್ಟಿಲಿಳಿಯಿರಿ.